ಒಣಗಿದ ಚುಟ್ಟಕ್ಕೆ ಮರಳಿ ತೇವ

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೋಡದವರಾರು? ಬೇಸಿಗೆಯಲ್ಲಿ ಪುಡಿಪುಡಿಯಾಗಿ ಉದುರುತ್ತಿದ್ದ ಉಪ್ಪು ಆಷಾಢ ಕಾಲಿಟ್ಟೊಡನೆ ನೀರೊಡೆದು ಮುದ್ದೆಯಾಗುತ್ತದೆ. ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ. ಇವೆಲ್ಲವೂ ಗಾಳಿಯಲ್ಲಿರುವ ಕಣ್ಣಿಗೆ ಕಾಣದ ನೀರಿನ ಲೀಲೆ ಎಂಬುದನ್ನು ನಾವು ಬಲ್ಲೆವು. ಆದರೆ ಇದೇ ಉಪ್ಪು, ಇದೇ ಗುಣದ ಬಲದಿಂದ, ದೂರದ ದೇಶಗಳಲ್ಲಿ ಒಣಗಿ ಹೋದ ಚುಟ್ಟಗಳಿಗೆ ಮರಳಿ ತೇವವನ್ನು ಕೊಡುವ ಒಂದು ಸಾಧನದ ಜೀವಾಳವಾಗಿದೆ ಎಂದರೆ ವಾಚಕರಿಗೆ ಅಚ್ಚರಿಯಾದೀತು.

ಮೊದಲೇ ಒಂದು ಮಾತು. ಹೊಗೆಸೊಪ್ಪನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರ ನಿಕೊಟಿನ್ ಮನುಷ್ಯನನ್ನು ಚಟಕ್ಕೆ ಕಟ್ಟಿಹಾಕುವ ವಸ್ತು. ಚುಟ್ಟದ ಹೊಗೆಯನ್ನು ಎದೆಗೆ ಎಳೆದುಕೊಳ್ಳದವರಿಗೂ ಬಾಯಿ ಮತ್ತು ಗಂಟಲುಗಳ ಏಡಿಗಂತಿ ತಪ್ಪಿದ್ದಲ್ಲವೆಂಬುದನ್ನು ವೈದ್ಯವಿಜ್ಞಾನ ಸ್ಥಾಪಿಸಿದೆ. ನಮಗೆ ಬೇಕಾದುದು ಚುಟ್ಟವಲ್ಲ, ಅದನ್ನು ಕಾಪಾಡುವ ಪೆಟ್ಟಿಗೆಯೊಳಗಣ ಭೌತರಸಾಯನಶಾಸ್ತ್ರ. ವಿಲಾಸಕ್ಕಾಗಿ ಹುಟ್ಟಿದ ಉಪಕರಣವೊಂದು ವಿದ್ಯಾರ್ಥಿಗೆ ಉತ್ತಮ ಪಾಠವಾಗುವುದುಂಟು. ಆ ಪಾಠದ ಫಲ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಎಲೆ ಒಣಗುವುದೇಕೆ?

೧೪೯೨ನೆಯ ಇಸವಿಯಲ್ಲಿ ಕೊಲಂಬಸನ ಸಂಗಡಿಗರು ಕ್ಯೂಬಾ ದ್ವೀಪದ ಮೂಲನಿವಾಸಿಗಳು ಸುರುಳಿ ಸುತ್ತಿದ ಎಲೆಗಳನ್ನು ಹೊತ್ತಿಸಿ ಹೊಗೆ ಎಳೆಯುವುದನ್ನು ಕಂಡರು. ಕ್ಯೂಬಾ ಉಷ್ಣವಲಯದ ದ್ವೀಪ. ಅದರ ಗಾಳಿ ಸದಾ ತೇವದಿಂದ ಕೂಡಿರುತ್ತದೆ. ಅಲ್ಲಿ ಹದವಾಗಿಯೇ ಉಳಿಯುವ ಚುಟ್ಟವು ಹಡಗೇರಿ ಯೂರೋಪಿನ ಮತ್ತು ಉತ್ತರ ಅಮೆರಿಕದ ಶೀತ ಪಟ್ಟಣಗಳಿಗೆ ಹೋದಾಗ ತೊಂದರೆ ಪ್ರಾರಂಭವಾಯಿತು. ಚಳಿಗಾಲದಲ್ಲಿ, ಬೆಂಕಿಯಿಂದ ಬೆಚ್ಚಗೆ ಮಾಡಿದ ಕೋಣೆಯಲ್ಲಿ, ಅದು ಕೆಲವೇ ದಿನಗಳಲ್ಲಿ ಒಣಗಿ ಗರಿಗರಿಯಾಗಿ, ಮುಟ್ಟಿದರೆ ಬಿರಿಯುವಂತಾಗುತ್ತಿತ್ತು.

ಇದರ ಕಾರಣ ತಿಳಿಯಬೇಕಾದರೆ ಸಾಪೇಕ್ಷ ಆರ್ದ್ರತೆ ಎಂಬುದನ್ನು ಅರಿಯಬೇಕು. ಮುಚ್ಚಿದ ಪಾತ್ರೆಯಲ್ಲಿ ನೀರಿದ್ದರೆ ಅದರ ಮೇಲೆ ಆವಿ ತುಂಬಿ, ಒಂದು ನಿರ್ದಿಷ್ಟ ಒತ್ತಡಕ್ಕೆ ಬಂದು ನಿಲ್ಲುತ್ತದೆ. ಈ ಒತ್ತಡವು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಾದರಸದ ೪.೬ ಮಿಲಿಮೀಟರು; ೨೦ ಡಿಗ್ರಿಯಲ್ಲಿ ೧೭.೫, ೩೦ ಡಿಗ್ರಿಯಲ್ಲಿ ೩೧.೮. ಗಾಳಿಯಲ್ಲಿ ನಿಜವಾಗಿ ಇರುವ ಆವಿಯ ಒತ್ತಡವು ಆ ಉಷ್ಣತೆಯ ಗರಿಷ್ಠ ಒತ್ತಡದ ನೂರಕ್ಕೆ ಎಷ್ಟು ಪಾಲು ಎಂಬುದೇ ಸಾಪೇಕ್ಷ ಆರ್ದ್ರತೆ. ಈಗ ಹೊರಗೆ ಸೊನ್ನೆ ಡಿಗ್ರಿಯಲ್ಲಿ ಆವಿಯಿಂದ ಪೂರ್ಣವಾಗಿ ತುಂಬಿದ ಗಾಳಿ ಇದೆಯೆಂದು ಭಾವಿಸಿರಿ. ಅದನ್ನು ಒಳಕ್ಕೆ ತಂದು ೨೦ ಡಿಗ್ರಿಗೆ ಕಾಯಿಸಿದರೆ ಆವಿಯ ಒತ್ತಡ ೪.೬ ಆಗಿಯೇ ಉಳಿಯುತ್ತದೆ. ಗರಿಷ್ಠ ಮಾತ್ರ ೧೭.೫ಕ್ಕೆ ಏರುತ್ತದೆ. ಆದುದರಿಂದ ಕೋಣೆಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೬ಕ್ಕೆ ಇಳಿಯುತ್ತದೆ. ಹೊರಗೆ ಹಿಮ ಸುರಿಯುತ್ತಿರುವಾಗ ಒಳಗೆ ಮರುಭೂಮಿಯ ಗಾಳಿ!

ಹೊಗೆಸೊಪ್ಪಿನ ಎಲೆಯಲ್ಲಿ ಸೆಲ್ಯುಲೋಸ್, ಪೆಕ್ಟಿನ್, ಸಕ್ಕರೆಗಳು ಮುಂತಾದ ಜಲಪ್ರಿಯ ವಸ್ತುಗಳಿವೆ. ಇವು ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದರೆ ಬಿಗಿಯಾಗಿಯಲ್ಲ. ಸುತ್ತಣ ಗಾಳಿ ಒಣಗಿದ್ದರೆ ಎಲೆ ನೀರನ್ನು ಬಿಟ್ಟುಕೊಡುತ್ತದೆ, ತೇವವಾಗಿದ್ದರೆ ಪಡೆದುಕೊಳ್ಳುತ್ತದೆ. ಕೊಡುಕೊಳ್ಳುವಿಕೆ ಸರಿಸಮನಾದಾಗ ಸಮತೋಲ ಏರ್ಪಡುತ್ತದೆ. ನೂರಕ್ಕೆ ೬೫ರಿಂದ ೭೦ರ ಆರ್ದ್ರತೆಯಲ್ಲಿ ಎಲೆ ಬಗ್ಗುವಷ್ಟು ಮೃದುವಾಗಿಯೂ ಹೊತ್ತುವಷ್ಟು ಒಣಗಿಯೂ ಇರುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ ಬಿರುಕು. ೭೫ನ್ನು ದಾಟಿ ಮೇಲೇರಿದರೆ ಬೂಸು. ಉಷ್ಣತೆಯೂ ಏರಿದರೆ ಹೊಗೆಸೊಪ್ಪನ್ನೇ ತಿಂದು ಬದುಕುವ ಒಂದು ಪುಟ್ಟ ದುಂಬಿಯ ಮೊಟ್ಟೆಗಳು ಒಡೆದು, ಮರಿಹುಳುಗಳು ಚುಟ್ಟದಲ್ಲಿ ಸುರಂಗ ಕೊರೆಯುತ್ತವೆ.

ಈ ಹದದ ಅರಿವು ನಮ್ಮ ನಾಡಿನ ಕೈಕೆಲಸದವರಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ರೈತರು ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬಿಸಿ ಗಾಳಿಯಿಂದ ಬೇಯಿಸಿ ಒಣಗಿಸಿದ ಮೇಲೆ ಎಲೆಯನ್ನು ಒಡನೆಯೇ ಮುಟ್ಟುವುದಿಲ್ಲ. ಮುಟ್ಟಿದರೆ ಅದು ಪುಡಿಯಾಗುತ್ತದೆ. ಬಾಗಿಲು ತೆರೆದು ತೇವದ ಗಾಳಿ ಒಳಸೇರಲು ಬಿಟ್ಟು, ಎಲೆ ಮೆತ್ತಗಾದ ಬಳಿಕವೇ ಇಳಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು ಒಣ ಎಲೆಯನ್ನು ನೀರಿನಲ್ಲಿ ನೆನೆಸಿ, ಹದಕ್ಕೆ ಬಂದ ಮೇಲೆ ಕತ್ತರಿಸುತ್ತಾರೆ. ಹಾಗಾದರೆ ಒಣಗಿದ ಚುಟ್ಟವನ್ನೂ ನೀರಿನಲ್ಲಿ ಅದ್ದಿ ತೆಗೆದರೆ ಸಾಲದೆ? ಸಾಲದು. ಬೀಡಿಯ ಎಲೆ ಇನ್ನೂ ಬಿಡಿಯಾಗಿದೆ. ಚುಟ್ಟವಾದರೋ ಆಗಲೇ ಸುತ್ತಿ ಮುಗಿದ ವಸ್ತು. ಅದರ ಒಳಗಡೆ ತುಂಬಿದ ಎಲೆಗಳು, ಅವನ್ನು ಬಿಗಿದ ಪಟ್ಟಿ, ಹೊರಗಡೆ ತೆಳುವಾದ ಹೊದಿಕೆಯೆಲೆ ಎಂಬ ಮೂರು ಭಾಗಗಳಿವೆ. ನೀರು ಸೋಕಿದರೆ ಹೊದಿಕೆ ಅಲ್ಲಲ್ಲಿ ಉಬ್ಬಿ ಸುಕ್ಕಾಗುತ್ತದೆ; ನೀರು ಒಳಗಿಳಿದು ತುಂಬಿದೆಲೆಗಳು ಹಿಗ್ಗತೊಡಗಿದಾಗ ಅದು ಬಿರಿದೇ ಹೋಗುತ್ತದೆ. ಆದುದರಿಂದ ನೀರನ್ನು ದ್ರವರೂಪದಲ್ಲಲ್ಲ, ಆವಿಯ ರೂಪದಲ್ಲಿ, ಅಳೆದು ಕೊಡಬೇಕು. ಇದೇ ಹ್ಯೂಮಿಡಾರ್ ಎಂಬ ಪೆಟ್ಟಿಗೆಯ ಕೆಲಸ.

ಪೆಟ್ಟಿಗೆಯ ರಚನೆ

ಈ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಮರದಿಂದ ಮಾಡಿ, ಒಳಮೈಗೆ ಸ್ಪ್ಯಾನಿಷ್ ಸಿಡಾರ್ ಎಂಬ ಮರದ ಹಲಗೆಗಳನ್ನು ಹೊಂದಿಸುತ್ತಾರೆ. ಹೆಸರು ಸಿಡಾರ್ ಎಂದಿದ್ದರೂ ಅದು ದೇವದಾರುವಿನ ಬಳಗದ್ದಲ್ಲ; ಅಮೆರಿಕದ ಉಷ್ಣವಲಯದಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಮರ. ಅದರ ಪರಿಮಳ ಹಿತಕರ. ಅದು ತೇವವನ್ನು ಧಾರಾಳವಾಗಿ ಹೀರಿ ನಿಧಾನವಾಗಿ ಬಿಡುತ್ತದೆ. ಮುಚ್ಚಳ ಬಿಗಿಯಾಗಿ ಕೂರಬೇಕು. ಒಳಗೆ ತೇವವನ್ನು ಕೊಡುವ ಸಾಧನವೊಂದು, ಆರ್ದ್ರತೆಯನ್ನು ತೋರಿಸುವ ಆರ್ದ್ರತಾಮಾಪಕವೊಂದು. ಇಷ್ಟೇ ಅದರ ಅಂಗಗಳು. ಸರಳವಾದ ವಸ್ತುವಾದರೂ ಅದರ ಬೆಲೆ ಕೆಲವೊಮ್ಮೆ ವಿಪರೀತ. ೧೯೬೧ರಲ್ಲಿ ಹಾಸ್ಯನಟ ಮಿಲ್ಟನ್ ಬರ್ಲ್ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಕೊಟ್ಟ ಇಂತಹ ಪೆಟ್ಟಿಗೆಯೊಂದು ೧೯೯೬ರ ಹರಾಜಿನಲ್ಲಿ ೫,೭೪,೫೦೦ ಡಾಲರುಗಳಿಗೆ ಮಾರಾಟವಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹತ್ತು ಲೀಟರು ಹಿಡಿಯುವ ಪೆಟ್ಟಿಗೆಯಲ್ಲಿ ೨೫ ಚುಟ್ಟಗಳಿವೆ. ಒಂದೊಂದರ ಒಣ ತೂಕ ೧೦ ಗ್ರಾಂ ಎಂದಿಟ್ಟುಕೊಳ್ಳೋಣ. ಅವುಗಳ ನೀರಿನ ಅಂಶವನ್ನು ನೂರಕ್ಕೆ ೮ರಿಂದ ೧೩ಕ್ಕೆ ಏರಿಸಬೇಕಾದರೆ ಒಂದೊಂದಕ್ಕೆ ಅರ್ಧ ಗ್ರಾಮಿನಂತೆ ಒಟ್ಟು ಹನ್ನೆರಡೂವರೆ ಗ್ರಾಂ ನೀರು ಬೇಕು. ಪೆಟ್ಟಿಗೆಯ ಗಾಳಿಯಲ್ಲಿ ಎಷ್ಟು ನೀರಿದ್ದೀತು? ೨೦ ಡಿಗ್ರಿಯಲ್ಲಿ ಪೂರ್ಣವಾಗಿ ತುಂಬಿದ ಒಂದು ಘನಮೀಟರು ಗಾಳಿ ೧೭.೩ ಗ್ರಾಂ ಆವಿಯನ್ನು ಹಿಡಿಯುತ್ತದೆ. ನೂರಕ್ಕೆ ೭೦ರ ಆರ್ದ್ರತೆಯಲ್ಲಿ ಹತ್ತು ಲೀಟರಿನ ಪಾಲು ಬರಿಯ ೦.೧೨ ಗ್ರಾಂ! ಬೇಕಾದುದರ ನೂರರಲ್ಲಿ ಒಂದು ಪಾಲು ಮಾತ್ರ. ಗಾಳಿಯು ನೀರಿನ ಉಗ್ರಾಣವಲ್ಲ, ನೀರನ್ನು ಸಾಗಿಸುವ ಬಂಡಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಉಗ್ರಾಣಗಳೆಂದರೆ ಎಲೆ, ಮರದ ಹಲಗೆ ಮತ್ತು ತೇವದ ಸಾಧನ. ಆರ್ದ್ರತಾಮಾಪಕವು ೭೦ನ್ನು ತೋರಿಸಿದೊಡನೆ ಚುಟ್ಟಗಳು ಹದಕ್ಕೆ ಬಂದುವೆಂದು ತಿಳಿಯುವುದು ತಪ್ಪು. ಬಂಡಿ ತುಂಬಿದೆ, ಸರಕು ಇನ್ನೂ ಮನೆ ಸೇರಿಲ್ಲ.

ಸ್ಪಂಜಿನ ದೋಷ, ಗ್ಲೈಕಾಲಿನ ಉಪಾಯ

ಅತ್ಯಂತ ಹಳೆಯ ಮತ್ತು ಸುಲಭವಾದ ತೇವದ ಸಾಧನವೆಂದರೆ ರಂಧ್ರಗಳಿರುವ ಡಬ್ಬಿಯೊಳಗೆ ನೆನೆಸಿಟ್ಟ ಸ್ಪಂಜು. ಅದರಲ್ಲಿ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಬಾವಿಯ ನೀರಿನ ಸುಣ್ಣದ ಅಂಶವು ನೀರು ಆರಿದಂತೆಲ್ಲ ಉಳಿದು ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತದೆ. ಆದರೆ ಶುದ್ಧ ನೀರಿನ ಗುರಿ ನೂರಕ್ಕೆ ನೂರರ ಆರ್ದ್ರತೆ. ಪೆಟ್ಟಿಗೆ ನಿಜವಾಗಿಯೂ ಬಿಗಿಯಾಗಿದ್ದರೆ ಸ್ಪಂಜು ನೀರನ್ನು ಕೊಡುತ್ತಲೇ ಹೋಗಿ ಎಲ್ಲವನ್ನೂ ಬೂಸು ಹಿಡಿಸುತ್ತದೆ. ಹಾಗಾಗದೆ ಇರುವುದು ಪೆಟ್ಟಿಗೆ ಸ್ವಲ್ಪ ಸೋರುವುದರಿಂದ. ಒಂದೆಡೆ ತುಂಬುತ್ತ, ಇನ್ನೊಂದೆಡೆ ಸೋರುತ್ತ ಇರುವ ಕೊಡದಲ್ಲಿ ನೀರು ಯಾವುದೋ ಒಂದು ಮಟ್ಟದಲ್ಲಿ ನಿಂತಂತೆ, ಆರ್ದ್ರತೆಯೂ ನಿಲ್ಲುತ್ತದೆ. ಆ ಮಟ್ಟ ಋತುವಿನೊಡನೆ, ಮುಚ್ಚಳ ತೆರೆಯುವ ಸಲದೊಡನೆ ಬದಲಾಗುವುದು ಸಹಜ.

ಇದಕ್ಕೆ ಪರಿಹಾರವಾಗಿ ನೀರಿನೊಡನೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಸಮಸಮವಾಗಿ ಬೆರೆಸುವ ಪದ್ಧತಿ ಬಂದಿತು. ಗ್ಲೈಕಾಲ್ ಬಹುಮಟ್ಟಿಗೆ ಆವಿಯಾಗದು, ಬೂಸನ್ನೂ ಬೆಳೆಯಗೊಡದು. ಫ್ರಾನ್ಸಿನ ರಸಾಯನವಿಜ್ಞಾನಿ ರೌಲ್ಟ್ ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ನಿರೂಪಿಸಿದ ನಿಯಮದಂತೆ, ದ್ರಾವಣದ ಮೇಲಿನ ನೀರಾವಿಯ ಒತ್ತಡವು ಒಟ್ಟು ಅಣುಗಳಲ್ಲಿ ನೀರಿನ ಅಣುಗಳ ಪಾಲಿಗೆ ಅನುಗುಣವಾಗಿರುತ್ತದೆ. ೫೦ ಗ್ರಾಂ ನೀರು, ೫೦ ಗ್ರಾಂ ಗ್ಲೈಕಾಲ್ ಬೆರೆಸಿದಾಗ, ನೀರಿನ ಅಣುಭಾರ ೧೮, ಗ್ಲೈಕಾಲಿನದು ೭೬ ಆದುದರಿಂದ, ನೂರು ಅಣುಗಳಲ್ಲಿ ೮೧ ನೀರಿನವು. ಎಂದರೆ ಮೊದಲಲ್ಲಿ ಆರ್ದ್ರತೆ ಸುಮಾರು ೮೧. ನೀರು ಆರುತ್ತ ಹೋದಂತೆ ಈ ಸಂಖ್ಯೆ ಇಳಿಯುತ್ತದೆ. ೨೨ ಗ್ರಾಮಿನಷ್ಟು ನೀರು ಹೊರಟುಹೋದಾಗ ೭೦ಕ್ಕೆ ಬರುತ್ತದೆ. ಇದು ಆದರ್ಶ ದ್ರಾವಣದ ಲೆಕ್ಕವಾದರೂ ಮುಖ್ಯ ಸಂಗತಿಯನ್ನು ತೋರಿಸಲು ಸಾಕು: ಗ್ಲೈಕಾಲಿನ ದ್ರಾವಣ ಒಂದೆಡೆ ನಿಲ್ಲದೆ ಜಾರುತ್ತಲೇ ಇರುತ್ತದೆ. ಸ್ಪಂಜಿಗಿಂತ ಇದು ಮೇಲು. ಆದರೂ ಇದು ಸ್ಥಿರವಾದ ಮಾನದಂಡವಲ್ಲ.

ಉಪ್ಪಿನ ಸ್ಥಿರತೆ

ಈಗ ನಮ್ಮ ಭರಣಿಗೆ ಮರಳೋಣ. ನೀರಿಗೆ ಉಪ್ಪನ್ನು ಹಾಕುತ್ತ ಹೋದರೆ ಒಂದು ಹಂತದಲ್ಲಿ ಅದು ಕರಗದೆ ತಳದಲ್ಲಿ ಉಳಿಯುತ್ತದೆ. ಇದೇ ಸಂತೃಪ್ತ ದ್ರಾವಣ. ೨೦ ಡಿಗ್ರಿಯಲ್ಲಿ ಶುದ್ಧ ನೀರಿನ ಆವಿಯೊತ್ತಡ ೧೭.೫ ಮಿಲಿಮೀಟರು ಇದ್ದರೆ, ಸಂತೃಪ್ತ ಉಪ್ಪುನೀರಿನದು ಸುಮಾರು ೧೩.೨, ಎಂದರೆ ನೂರಕ್ಕೆ ೭೫. ಇದರಿಂದ ನೀರು ಆರಿದರೆ ಏನಾಗುತ್ತದೆ? ದ್ರಾವಣ ಗಟ್ಟಿಯಾಗುವುದಿಲ್ಲ, ಹೆಚ್ಚಾದ ಉಪ್ಪು ಹರಳಾಗಿ ತಳ ಸೇರುತ್ತದೆ. ಹೊರಗಿನಿಂದ ತೇವ ಬಂದು ಸೇರಿದರೆ? ದ್ರಾವಣ ತೆಳುವಾಗುವುದಿಲ್ಲ, ತಳದ ಹರಳು ಕರಗಿ ಸಮ ಮಾಡುತ್ತದೆ. ತಳದಲ್ಲಿ ಹರಳೂ ಮೇಲೆ ದ್ರಾವಣವೂ ಇರುವವರೆಗೆ ಅದರ ಸಾಂದ್ರತೆ ಅಲುಗದು, ಆದಕಾರಣ ಆರ್ದ್ರತೆಯೂ ಅಲುಗದು.

ಕಾಲೇಜಿನ ವಿದ್ಯಾರ್ಥಿಗಳು ಇಲ್ಲಿ ಅಮೆರಿಕದ ವಿಜ್ಞಾನಿ ವಿಲಾರ್ಡ್ ಗಿಬ್ಸ್ ೧೮೭೦ರ ದಶಕದಲ್ಲಿ ಕಂಡುಕೊಂಡ ಪ್ರಾವಸ್ಥಾ ನಿಯಮವನ್ನು ನೆನೆಯಬಹುದು. ಘಟಕಗಳ ಸಂಖ್ಯೆಗೆ ಎರಡನ್ನು ಕೂಡಿಸಿ ಪ್ರಾವಸ್ಥೆಗಳ ಸಂಖ್ಯೆಯನ್ನು ಕಳೆದರೆ ವ್ಯವಸ್ಥೆಗೆ ಉಳಿಯುವ ಸ್ವಾತಂತ್ರ್ಯಗಳ ಸಂಖ್ಯೆ ಸಿಕ್ಕುತ್ತದೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಉಪ್ಪು ಮತ್ತು ನೀರು ಎರಡು ಘಟಕಗಳು. ಹರಳು, ದ್ರಾವಣ, ಆವಿ ಮೂರು ಪ್ರಾವಸ್ಥೆಗಳು. ಎರಡಕ್ಕೆ ಎರಡು ಕೂಡಿಸಿ ಮೂರು ಕಳೆದರೆ ಉಳಿಯುವುದು ಒಂದೇ ಸ್ವಾತಂತ್ರ್ಯ. ಉಷ್ಣತೆಯನ್ನು ನಾವು ನಿಗದಿ ಮಾಡಿದೊಡನೆ ಅದೂ ಮುಗಿಯಿತು. ಆವಿಯೊತ್ತಡ ತಾನಾಗಿಯೇ ನಿಗದಿಯಾಗುತ್ತದೆ. ಗ್ಲೈಕಾಲಿನ ದ್ರಾವಣದಲ್ಲಿ ಪ್ರಾವಸ್ಥೆಗಳು ಎರಡೇ, ಸ್ವಾತಂತ್ರ್ಯಗಳೂ ಎರಡು. ಅದು ಜಾರುವುದಕ್ಕೆ ಕಾರಣ ಈ ಹೆಚ್ಚಿನ ಸ್ವಾತಂತ್ರ್ಯವೇ.

ಒಂದೊಂದು ಲವಣಕ್ಕೆ ಒಂದೊಂದು ಅಂಕಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಗ್ರೀನ್‌ಸ್ಪಾನ್ ೧೯೭೭ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ, ೨೫ ಡಿಗ್ರಿಯಲ್ಲಿ ಮೆಗ್ನೀಸಿಯಂ ಕ್ಲೋರೈಡು ನೂರಕ್ಕೆ ೩೩ರ ಆರ್ದ್ರತೆಯನ್ನು ಕೊಡುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟು ೪೩, ಸೋಡಿಯಂ ಬ್ರೋಮೈಡು ೫೮, ಪೊಟ್ಯಾಸಿಯಂ ಅಯೊಡೈಡು ೬೯, ಅಡುಗೆಯ ಉಪ್ಪು ೭೫, ಪೊಟ್ಯಾಸಿಯಂ ಕ್ಲೋರೈಡು ೮೪. ಇವುಗಳಲ್ಲಿ ಅಡುಗೆಯ ಉಪ್ಪಿನ ಸ್ಥೈರ್ಯ ವಿಶೇಷವಾದುದು: ಸೊನ್ನೆಯಿಂದ ೩೦ ಡಿಗ್ರಿಯವರೆಗೆ ಅದರ ಅಂಕಿ ಒಂದರಷ್ಟೂ ಬದಲಾಗದು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವ ರಹಸ್ಯವೂ ಇಲ್ಲಿಯೇ ಇದೆ. ಗಾಳಿಯ ಆರ್ದ್ರತೆ ೭೫ನ್ನು ದಾಟಿದ ಕೂಡಲೇ ಉಪ್ಪು ತೇವವನ್ನು ಸೆಳೆದು ದ್ರಾವಣವಾಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಅದಕ್ಕೂ ಮೊದಲೇ ನೀರೊಡೆಯುತ್ತದೆ.

೧೯೯೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಈ ತತ್ತ್ವವನ್ನು ಅಂಗೈಯಗಲದ ಚೀಲಕ್ಕೆ ಇಳಿಸಲಾಯಿತು. ಸಂತೃಪ್ತ ಲವಣದ್ರಾವಣವನ್ನು ನೀರಾವಿ ಮಾತ್ರ ಹಾದುಹೋಗುವ, ದ್ರವ ಸೋರದ ಪೊರೆಯೊಳಗೆ ತುಂಬಿ ಮುಚ್ಚಲಾಗುತ್ತದೆ. ಇದನ್ನು ಪೆಟ್ಟಿಗೆಯಲ್ಲಿಟ್ಟರೆ ಗಾಳಿ ಒಣಗಿದಾಗ ತೇವವನ್ನು ಕೊಡುತ್ತದೆ, ತೇವ ಹೆಚ್ಚಾದಾಗ ಹಿಂದಕ್ಕೆ ಪಡೆಯುತ್ತದೆ. ಸ್ಪಂಜು ಕೊಡಲು ಮಾತ್ರ ಬಲ್ಲದು. ಈ ಚೀಲ ಕೊಡಲೂ ಬಲ್ಲದು, ಕೊಳ್ಳಲೂ ಬಲ್ಲದು.

ಆತುರ ಸಲ್ಲದು

ಒಣಗಿದ ಚುಟ್ಟವನ್ನು ಒಮ್ಮೆಗೇ ೭೦ರ ಆರ್ದ್ರತೆಗೆ ಒಡ್ಡುವುದು ಜಾಣತನವಲ್ಲ. ಬಲ್ಲವರು ಮೊದಲು ಕಡಿಮೆ ಆರ್ದ್ರತೆಯಲ್ಲಿಟ್ಟು, ವಾರಗಳ ಅಂತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನೀರಿನ ಅಣುಗಳು ಎಲೆಯ ಪದರಗಳಲ್ಲಿ ಅಡ್ಡಾದಿಡ್ಡಿಯಾಗಿ ತೆವಳುತ್ತ ಒಳಸೇರಬೇಕು. ಇಂತಹ ವಿಸರಣದಲ್ಲಿ ದೂರ ಎರಡು ಪಾಲಾದರೆ ಕಾಲ ನಾಲ್ಕು ಪಾಲಾಗುತ್ತದೆ. ದೂರ ಮೂರು ಪಾಲಾದರೆ ಕಾಲ ಒಂಬತ್ತು ಪಾಲು. ಹೊದಿಕೆಯೆಲೆ ಬೇಗನೆ ತೇವ ಪಡೆದು ಹಿಗ್ಗುತ್ತದೆ, ನಡುವಿನ ಎಲೆಗಳು ಇನ್ನೂ ಒಣಗಿಯೇ ಇರುತ್ತವೆ. ಈ ವ್ಯತ್ಯಾಸ ಹೆಚ್ಚಿದಷ್ಟೂ ಬಿರುಕಿನ ಭಯ ಹೆಚ್ಚು. ಆರ್ದ್ರತೆಯನ್ನು ಮೆಲ್ಲನೆ ಏರಿಸಿದರೆ ಒಳಗೂ ಹೊರಗೂ ಅಂತರ ಕಡಿಮೆ ಇದ್ದು ಎಲೆಗಳು ಒಟ್ಟಾಗಿ ಹಿಗ್ಗುತ್ತವೆ.

ಇಷ್ಟೆಲ್ಲ ಮಾಡಿದರೂ ಕಳೆದುಹೋದುದು ಪೂರ್ಣವಾಗಿ ಮರಳುವುದಿಲ್ಲ. ನೀರಿನ ಜೊತೆಯಲ್ಲಿ ಎಲೆಯ ಸುವಾಸನೆಯ ತೈಲಗಳೂ ಆವಿಯಾಗಿ ಹೋಗಿರುತ್ತವೆ. ನೀರನ್ನು ಹಿಂದಕ್ಕೆ ತರಬಹುದು, ಪರಿಮಳವನ್ನು ತರಲಾಗದು. ಮೇಲಾಗಿ, ಒಮ್ಮೆ ಒಣಗಿದ ಎಲೆ ಅದೇ ಆರ್ದ್ರತೆಯಲ್ಲಿ ಮೊದಲು ಹಿಡಿದಿಟ್ಟುಕೊಂಡಿದ್ದಷ್ಟು ನೀರನ್ನು ಮತ್ತೆ ಹಿಡಿಯುವುದಿಲ್ಲ. ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ. ಸೆಲ್ಯುಲೋಸ್ ಇರುವ ವಸ್ತುಗಳಿಗೆಲ್ಲ ಈ ಗುಣವುಂಟು. ಒಣಗುವ ದಾರಿ ಬೇರೆ, ನೆನೆಯುವ ದಾರಿ ಬೇರೆ.

ಮಾಡಿ ನೋಡಿರಿ

ಈ ತತ್ತ್ವವನ್ನು ಪರೀಕ್ಷಿಸಲು ಚುಟ್ಟವೂ ಬೇಡ, ಬೆಲೆಬಾಳುವ ಪೆಟ್ಟಿಗೆಯೂ ಬೇಡ. ಒಂದು ಸಣ್ಣ ಬಟ್ಟಲಿನಲ್ಲಿ ಉಪ್ಪನ್ನು ಹಾಕಿ, ಕೆಲವು ತೊಟ್ಟು ನೀರು ಬೆರೆಸಿ ಒದ್ದೆ ಮರಳಿನಂತೆ ಮಾಡಿರಿ. ಅದನ್ನು ಆರ್ದ್ರತಾಮಾಪಕದ ಜೊತೆ ಗಾಜಿನ ಭರಣಿಯಲ್ಲಿಟ್ಟು ಮುಚ್ಚಳವನ್ನು ಬಿಗಿದು, ಒಂದು ಹಗಲು ಒಂದು ರಾತ್ರಿ ಬಿಡಿರಿ. ಮಾಪಕ ಸರಿಯಾಗಿದ್ದರೆ ೭೫ನ್ನು ತೋರಿಸಬೇಕು. ೭೧ ತೋರಿಸಿದರೆ ಅದು ನಾಲ್ಕಂಶ ಕಡಿಮೆ ಹೇಳುತ್ತಿದೆ ಎಂದರ್ಥ. ಸ್ವಿಟ್ಜರ್ಲೆಂಡಿನ ಡಿ ಸೊಸ್ಯೂರ್ ೧೭೮೩ರಲ್ಲಿ ಮನುಷ್ಯನ ಕೂದಲು ತೇವದಲ್ಲಿ ನೂರಕ್ಕೆ ಸುಮಾರು ಎರಡರಷ್ಟು ಉದ್ದವಾಗುವುದನ್ನು ಆಧಾರವಾಗಿಟ್ಟು ಮಾಡಿದ ಕೂದಲಿನ ಮಾಪಕವನ್ನು ವಿವರಿಸಿದನು. ಇಂತಹ ಮಾಪಕಗಳನ್ನೂ ಇದೇ ಉಪ್ಪಿನಿಂದ ಸರಿಪಡಿಸಿಕೊಳ್ಳಬಹುದು.

ಮಾಪಕವಿಲ್ಲದವರು ಒಂದು ಒಣ ಬಾಳೆಯೆಲೆಯ ತುಂಡನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿ, ಉಪ್ಪಿನ ಬಟ್ಟಲಿನ ಮೇಲೆ ತಾಗದಂತೆ ಭರಣಿಯಲ್ಲಿ ತೂಗುಹಾಕಿ, ದಿನಕ್ಕೊಮ್ಮೆ ತೂಗಿ ನಕ್ಷೆ ಬರೆಯಲಿ. ಮೊದಲು ತೂಕ ಬೇಗ ಏರಿ, ಬರಬರುತ್ತ ನಿಧಾನವಾಗಿ, ಕೊನೆಗೆ ನಿಲ್ಲುವುದನ್ನು ಕಾಣುವರು. ಉಪ್ಪಿನ ಬದಲು ಪೊಟ್ಯಾಸಿಯಂ ಕಾರ್ಬೊನೇಟನ್ನು ಇಟ್ಟರೆ ತೂಕ ಬೇರೊಂದು ಮಟ್ಟದಲ್ಲಿ ನಿಲ್ಲುತ್ತದೆ. ಎಲೆ ಮುಟ್ಟಿದರೆ ಪುಡಿಯಾಗುವ ಮಟ್ಟ ಯಾವುದು, ಮುರಿಯದೆ ಬಗ್ಗುವ ಮಟ್ಟ ಯಾವುದು ಎಂಬುದನ್ನು ನಿಮ್ಮ ಬೆರಳೇ ಹೇಳೀತು.

ಚುಟ್ಟದಿಂದ ಓಲೆಗರಿಗೆ

ಆ ಬೆರಳಿನ ಅರಿವೇ ಈ ಲೇಖನದ ಸಾರ. ಸೇದಿ ಬೂದಿಯಾಗುವ ಚುಟ್ಟವೊಂದು ಬಿರಿದರೆ ಲೋಕಕ್ಕೆ ನಷ್ಟವೇನೂ ಇಲ್ಲ. ಆದರೆ ಇದೇ ನಿಯಮಕ್ಕೆ ಒಳಪಟ್ಟ, ಮತ್ತೊಂದು ಪ್ರತಿ ಸಿಕ್ಕದ ವಸ್ತುಗಳೂ ಇವೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದುದು ಓಲೆಗರಿಯ ಕಟ್ಟೊಂದರಲ್ಲಿ. ಓಲೆಗರಿಯೂ ಸೆಲ್ಯುಲೋಸಿನಿಂದಾದ ಎಲೆಯೇ. ಅತಿಯಾಗಿ ಒಣಗಿದರೆ ಅದು ಗರಿಗರಿಯಾಗಿ ಮುರಿಯುತ್ತದೆ, ಅಕ್ಷರಗಳು ಚೂರಾಗಿ ಉದುರುತ್ತವೆ. ತೇವ ಅತಿಯಾದರೆ ಬೂಸು ಮತ್ತು ಹುಳು ಅದನ್ನು ತಿನ್ನುತ್ತವೆ. ಗ್ರಂಥಾಲಯಗಳ ಸಂರಕ್ಷಕರು ಸುರುಳಿಯಾಗಿ ಬಿರುಸಾದ ಹಳೆಯ ನಕ್ಷೆ ಕಾಗದಗಳನ್ನು ಬಿಡಿಸಲು ಬಲವನ್ನು ಬಳಸುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ನೀರು ತಾಗದಂತೆ ಆವಿಯನ್ನು ಮಾತ್ರ ಕೊಟ್ಟು, ಅವು ತಾವಾಗಿ ಸಡಿಲವಾಗುವವರೆಗೆ ಕಾಯುತ್ತಾರೆ. ಇದು ನಮ್ಮ ಚುಟ್ಟದ ಪೆಟ್ಟಿಗೆಯೇ ಅಲ್ಲವೆ?

ಬಿತ್ತನೆಯ ಬೀಜಕ್ಕೂ ಇದೇ ಮಾತು, ಆದರೆ ಅಲ್ಲಿ ಬೇಕಾದುದು ಒಣಹದ. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದಂತೆಲ್ಲ ಅದರ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಸೂತ್ರವನ್ನು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟಿರುವನು; ಅತಿಯಾಗಿ ಒಣಗಿಸಿದಾಗ ಮಾತ್ರ ಅದು ಅನ್ವಯಿಸದು. ಒಂದೊಂದು ವಸ್ತುವಿಗೂ ಅದರದೇ ಆದ ಹದವಿದೆ. ಅದನ್ನು ಅಳೆದು ತಿಳಿಯುವುದು, ಮೆಲ್ಲನೆ ಮುಟ್ಟುವುದು, ಮುಟ್ಟಿದ ಮೇಲೆ ಕದಲದಂತೆ ನಿಲ್ಲಿಸುವುದು ಇವೇ ಸಂರಕ್ಷಣೆಯ ಮೂರು ಹೆಜ್ಜೆಗಳು. ಮುಂದಿನ ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆದಾಗ ಬೇಸರಪಡುವ ಮೊದಲು ಒಂದು ಕ್ಷಣ ನಿಲ್ಲೋಣ: ಗಾಳಿಯ ಆರ್ದ್ರತೆ ೭೫ನ್ನು ದಾಟಿತೆಂದು ಅದು ಸಾರುತ್ತಿದೆ, ಅಟ್ಟದ ಮೇಲಣ ಹಳೆಯ ಪುಸ್ತಕಗಳನ್ನು ಒಮ್ಮೆ ನೋಡಿಕೊಳ್ಳಿರೆಂದು ಎಚ್ಚರಿಸುತ್ತಿದೆ.